ಹಿನ್ನೀರಿನ ಊರಿನ ವೇಳಾಪಟ್ಟಿ

ಸಾಗರದ ಪೇಟೆಯನ್ನು ಬಿಟ್ಟು ಆವಿನಹಳ್ಳಿಯ ಮಾರ್ಗವಾಗಿ ಪಶ್ಚಿಮಕ್ಕೆ ಹೊರಟ ಬಸ್ಸು, ಅಡಕೆಯ ತೋಟಗಳನ್ನೂ ಅಕೇಶಿಯದ ನೆಡುತೋಪುಗಳನ್ನೂ ಒಂದಾದ ಮೇಲೊಂದರಂತೆ ಹಿಂದಕ್ಕೆ ಹಾಕಿ, ಕೊನೆಯ ತಿರುವಿನಲ್ಲಿ ಒಮ್ಮೆಲೇ ಶರಾವತಿಯ ಹಿನ್ನೀರನ್ನು ಕಣ್ಣೆದುರಿಗೆ ತಂದು ನಿಲ್ಲಿಸುತ್ತದೆ. ನೀರೆಂದರೆ ಅದು ಬರಿಯ ನೀರಲ್ಲ. ಗುಡ್ಡಗಳ ನೆತ್ತಿಗಳು ದ್ವೀಪಗಳಾಗಿ, ಕಣಿವೆಗಳು ಕೊಲ್ಲಿಗಳಾಗಿ, ಒಂದು ಕಾಲದ ಗದ್ದೆಬಯಲು ನೀಲಿಯ ಹಾಸಾಗಿ ಹಬ್ಬಿರುವ ಒಂದು ಒಳನಾಡಿನ ಸಮುದ್ರ. ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಹೊರಟ ಯಾತ್ರಿಕರು ಇಲ್ಲಿ ಬಸ್ಸಿನಿಂದ ಇಳಿದು ಲಾಂಚಿಗಾಗಿ ಕಾಯುತ್ತಿದ್ದ ಕಾಲ ತೀರ ಹಿಂದಿನದೇನೂ ಅಲ್ಲ. 2025ರ ಜುಲೈ 14ರಂದು ಉದ್ದನೆಯ ತೂಗುಸೇತುವೆ ಸಂಚಾರಕ್ಕೆ ತೆರೆದ ಮೇಲೆ ದಡದಿಂದ ದಡಕ್ಕೆ ಕೆಲವೇ ನಿಮಿಷಗಳ ದಾರಿ. ಯಾತ್ರಿಕರು ಸೇತುವೆಯ ಮೇಲೆ ಚಿತ್ರ ತೆಗೆಸಿಕೊಂಡು, ದೇವಿಗೆ ಹಣ್ಣುಕಾಯಿ ಮಾಡಿಸಿ, ಅಂದೇ ಜೋಗವನ್ನೂ ನೋಡಿ ಹಿಂದಿರುಗುತ್ತಾರೆ.

ಅವರ ಕಣ್ಣಿಗೆ ಬೀಳದ ಊರುಗಳು ಈ ನೀರಿನ ಅಂಚಿನಲ್ಲಿ ಹಲವಿವೆ. ಮನೆಯಿಂದ ಮನೆಗೆ ಕೂಗಳತೆಯ ದೂರ, ಮಧ್ಯೆ ಕಾಡು. ಒಂದು ಅಂಚೆ ಪೆಟ್ಟಿಗೆ, ಒಂದು ಸೊಸೈಟಿ, ಹೆಂಚಿನ ಮಾಡಿನ ಒಂದು ಸರಕಾರಿ ಪ್ರೌಢಶಾಲೆ. ಅಂಥದೊಂದು ಶಾಲೆಯ ಗೋಡೆಯ ಮೇಲೆ ಎರಡು ವೇಳಾಪಟ್ಟಿಗಳು ತೂಗುತ್ತವೆ. ಒಂದು ಎಲ್ಲ ಶಾಲೆಗಳಲ್ಲಿರುವಂಥದೇ: ಕನ್ನಡ, ಗಣಿತ, ವಿಜ್ಞಾನ, ಸಮಾಜ. ಎರಡನೆಯದು ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು ಕಾಗದವೇ ತೆಳ್ಳಗಾಗಿರುವಂಥದು. ಅದರ ತಲೆಯ ಮೇಲೆ ‘ಕರೆಂಟು’ ಎಂಬ ಒಂದೇ ಮಾತಿದೆ.

ಈ ಎರಡನೆಯ ಪಟ್ಟಿ ಏಕೆ ಬೇಕಾಯಿತೆಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಶರಾವತಿ ಜೋಗದಲ್ಲಿ 830 ಅಡಿ ಧುಮುಕುವ ನದಿ. ಆ ಧುಮುಕಿಗೆ ನೊಗ ಹೂಡುವ ಕೆಲಸ 1939ರಲ್ಲಿ ಆರಂಭವಾಯಿತು. ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. 1948ರಲ್ಲಿ ಜೋಗದ ಕೆಳಗಿನ ವಿದ್ಯುದಾಗಾರ ಕೆಲಸಕ್ಕೆ ತೊಡಗಿ ಮಹಾತ್ಮಾ ಗಾಂಧಿಯವರ ಹೆಸರನ್ನು ಪಡೆಯಿತು. ಅದರ ಶಕ್ತಿ 120 ಮೆಗಾವ್ಯಾಟ್. ಅಂದಿಗೆ ಅದೇ ದೊಡ್ಡದು; ಆದರೆ ನಾಡಿನ ಹಸಿವು ಅದಕ್ಕಿಂತ ದೊಡ್ಡದಾಗಿತ್ತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಹೊಸ ಜಲಾಶಯ ಹಳೆಯ ಅಣೆಕಟ್ಟನ್ನೇ ನುಂಗಿತು. ಜೊತೆಗೆ ಊರುಗಳನ್ನೂ ಗದ್ದೆಗಳನ್ನೂ ದೇವಸ್ಥಾನಗಳನ್ನೂ ನುಂಗಿತು. ಸಾವಿರಾರು ಸಂಸಾರಗಳು ಎತ್ತಿನ ಗಾಡಿಗಳಲ್ಲೂ ಲಾರಿಗಳಲ್ಲೂ ಪಾತ್ರೆ ಪರಡಿಗಳನ್ನು ಹೇರಿಕೊಂಡು ಹೊರಟವು. ಕೆಲವರು ಜಿಲ್ಲೆಯ ಬೇರೆ ಮೂಲೆಗಳ ಕಾಡಿಗೆ, ಕೆಲವರು ನೀರು ಏರಿದಂತೆ ಅದೇ ಗುಡ್ಡದ ಮೇಲುಮೇಲಕ್ಕೆ. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ಹಿರೇಭಾಸ್ಕರದ ಹಳೆಯ ಕಟ್ಟೆ ಇಂದಿಗೂ ಮೇಲೆದ್ದು ಕಾಣುತ್ತದೆ. ಅದನ್ನು ನೋಡಲು ಜನ ಬುತ್ತಿ ಕಟ್ಟಿಕೊಂಡು ಹೋಗುವುದುಂಟು.

ಹತ್ತು ಯಂತ್ರಗಳ ಶರಾವತಿ ವಿದ್ಯುದಾಗಾರದ ಇಂದಿನ ಸಾಮರ್ಥ್ಯ 1035 ಮೆಗಾವ್ಯಾಟ್. ಬಹುಕಾಲ ರಾಜ್ಯದ ದೀಪಗಳ ಬಹುಪಾಲು ಉರಿದದ್ದು ಈ ನೀರಿನಿಂದಲೇ. ಬೆಂಗಳೂರಿನ ಮನೆಯೊಂದರಲ್ಲಿ ಸ್ವಿಚ್ಚು ಒತ್ತಿದವರಿಗೆ ಮಡೆನೂರಿನ ನೆನಪಾಗಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ, ಅದಿರಲಿ. ವಿಚಿತ್ರವೆಂದರೆ ಹಿನ್ನೀರಿನ ಅಂಚಿನ ಎಷ್ಟೋ ಊರುಗಳಿಗೆ ಕಂಬ ಬಂದದ್ದೇ ಬಹಳ ವರ್ಷಗಳ ಮೇಲೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ನೇರವಾದ ಉದಾಹರಣೆ ಸಿಗಲಾರದು. ಇದರಲ್ಲಿ ಯಂತ್ರಶಾಸ್ತ್ರದ ಕಾರಣವೂ ಒಂದುಂಟು. ವಿದ್ಯುದಾಗಾರದಲ್ಲಿ ಹುಟ್ಟಿದ ಶಕ್ತಿ ಪಕ್ಕದ ಊರಿಗೆ ನೇರವಾಗಿ ಹರಿಯುವುದಿಲ್ಲ. ಅದು ಮೊದಲು ಲಕ್ಷಾಂತರ ವೋಲ್ಟಿನ ಹೆದ್ದಾರಿಯನ್ನೇರಿ ರಾಜ್ಯದ ಜಾಲವನ್ನು ಸೇರಬೇಕು. ಅಲ್ಲಿಂದ ಉಪಕೇಂದ್ರಗಳ ಮೆಟ್ಟಿಲುಗಳನ್ನು ಇಳಿದಿಳಿದು, 11 ಸಾವಿರ ವೋಲ್ಟಿನ ತಂತಿಯಾಗಿ ಕಾಡಿನ ನಡುವೆ ನುಸುಳಿ, ಕೊನೆಗೆ ಊರಿನ ಟ್ರಾನ್ಸ್‌ಫಾರ್ಮರಿಗೆ ಬರಬೇಕು. ಮನೆಯ ಹಿತ್ತಲಿನ ಬೆಲ್ಲ ಪೇಟೆಗೆ ಹೋಗಿ, ಅಂಗಡಿಯಿಂದ ಮತ್ತೆ ಮನೆಗೆ ಬಂದಂತೆ. ಬರುವ ದಾರಿಯಲ್ಲಿ ಎಲ್ಲಿ ಏನಾದರೂ ಬಾಲದ ತುದಿಗೇ ಪೆಟ್ಟು.

ಶಾಲೆಗೆ ಕಂಪ್ಯೂಟರುಗಳು ಬಂದದ್ದು ಈ ತಂತಿಯ ಬಾಲವನ್ನು ನಂಬಿಕೊಂಡೇ. ರಾಜ್ಯದ ಸರಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ 2001ರಲ್ಲಿ ‘ಮಾಹಿತಿ ಸಿಂಧು’ ಎಂಬ ಹೆಸರಿನಿಂದ ಪ್ರವೇಶಿಸಿತು. ಅನಂತರ ಕೇಂದ್ರದ ಯೋಜನೆಗಳು ಬಂದುವು. ಹಿನ್ನೀರಿನ ಈ ಶಾಲೆಯ ಪಾಲಿಗೆ ಬಂದುವು ಹತ್ತು ಯಂತ್ರಗಳು, ಒಂದು ಯು.ಪಿ.ಎಸ್., ನಾಲ್ಕು ಬ್ಯಾಟರಿಗಳು, ಒಂದು ಜನರೇಟರು. ಮೊದಲ ವರ್ಷ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗುವ ಕ್ರಮವಿತ್ತು. ಜನರೇಟರಿಗೆ ಎಣ್ಣೆ ಹಾಕುವ ದುಡ್ಡು ಯಾವ ಲೆಕ್ಕದ ಶೀರ್ಷಿಕೆಯಿಂದ ಬರಬೇಕೆಂಬ ಪ್ರಶ್ನೆ ತೀರ್ಮಾನವಾಗುವ ಮೊದಲೇ ಅದರ ಮೈ ತುಕ್ಕು ಹಿಡಿಯಿತು. ಇಂದು ಮಳೆಗಾಲದಲ್ಲಿ ಮಕ್ಕಳು ಒದ್ದೆ ಛತ್ರಿಗಳನ್ನು ಅದಕ್ಕೆ ಒರಗಿಸಿಡುತ್ತಾರೆ.

ಉಳಿದದ್ದು ಬ್ಯಾಟರಿಯ ಆಧಾರ. ಅದರ ಲೆಕ್ಕವನ್ನು ಶಾಲೆಯ ಗಣಿತದ ಅಧ್ಯಾಪಿಕೆ ಒಂಬತ್ತನೆಯ ತರಗತಿಯ ಕಪ್ಪುಹಲಗೆಯ ಮೇಲೆಯೇ ಮಾಡಿ ತೋರಿಸುತ್ತಾರೆ. ಒಂದು ಯಂತ್ರವೂ ಅದರ ಪರದೆಯೂ ಸೇರಿ ಸುಮಾರು 100 ವ್ಯಾಟ್ ಎಂದಿಟ್ಟುಕೊಂಡರೆ ಹತ್ತಕ್ಕೆ 1000. ಹನ್ನೆರಡು ವೋಲ್ಟಿನ, 150 ಆಂಪಿಯರ್-ಗಂಟೆಯ ನಾಲ್ಕು ಬ್ಯಾಟರಿಗಳಲ್ಲಿ ಅಡಗಿರುವುದು 7200 ವ್ಯಾಟ್-ಗಂಟೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯುಸ್ಸು ಕಡಿಮೆಯಾಗುತ್ತದೆ. ಆದ್ದರಿಂದ ಕೈಗೆ ದಕ್ಕುವುದು 3600. ಯು.ಪಿ.ಎಸ್. ತನ್ನ ಪಾಲನ್ನು ತಿಂದ ಮೇಲೆ ಎರಡೂವರೆ ಗಂಟೆ ನಡೆದರೆ ಪುಣ್ಯ. ಇದು ಹೊಸ ಬ್ಯಾಟರಿಯ ಮಾತು.

ಮಕ್ಕಳು ತಲೆಯಾಡಿಸುತ್ತಾರೆ. ಆದರೆ ಲೆಕ್ಕದ ಎರಡನೆಯ ಭಾಗ ಕಷ್ಟದ್ದು. ಖಾಲಿಯಾದ ಬ್ಯಾಟರಿ ಮತ್ತೆ ತುಂಬಲು ಎಂಟು ಹತ್ತು ಗಂಟೆ ಬೇಕು. ವಿದ್ಯುತ್ತು ಮೂರು ಗಂಟೆ ಬಂದು, ಮೂರು ಗಂಟೆ ಹೋಗಿ, ಮತ್ತೆ ಬಂದು ಹೋಗುವ ದಿನಗಳಲ್ಲಿ ಅದು ಎಂದೂ ಹೊಟ್ಟೆ ತುಂಬ ಉಣ್ಣುವುದಿಲ್ಲ. ಅರೆಹೊಟ್ಟೆಯಲ್ಲಿ ಉಳಿದ ಬ್ಯಾಟರಿಯ ಸೀಸದ ಫಲಕಗಳ ಮೇಲೆ ಸಲ್ಫೇಟಿನ ಬಿಳಿಯ ಪದರ ಗಟ್ಟಿಯಾಗಿ ಕೂರುತ್ತದೆ; ಆಮೇಲೆ ಎಷ್ಟು ಹೊತ್ತು ತುಂಬಿದರೂ ಹಿಡಿಯುವುದಿಲ್ಲ. ಎಂದರೆ ಯಾವ ಕತ್ತಲೆಯನ್ನು ಎದುರಿಸಲೆಂದು ಬ್ಯಾಟರಿಯನ್ನು ತಂದರೋ ಆ ಕತ್ತಲೆಯೇ ಅದನ್ನು ಕೊಲ್ಲುತ್ತದೆ. ಮೂರು ವರ್ಷ ಕಳೆಯುವಷ್ಟರಲ್ಲಿ ಎರಡೂವರೆ ಗಂಟೆ ಇಪ್ಪತ್ತು ನಿಮಿಷಕ್ಕೆ ಇಳಿದಿತ್ತು. ಒಂದು ಪಿರಿಯಡ್ಡಿಗೆ ನಲವತ್ತು ನಿಮಿಷ.

ಇಲ್ಲಿಂದ ಅಧ್ಯಾಪಿಕೆಯ ಎರಡನೆಯ ವೇಳಾಪಟ್ಟಿ ಹುಟ್ಟಿತು.

ಅವರು ಮೊದಲು ಮಾಡಿದ ಕೆಲಸವೆಂದರೆ ಕತ್ತಲೆಗಳನ್ನು ಜಾತಿವಾರು ವಿಂಗಡಿಸಿದ್ದು. ಒಂದು, ಪತ್ರಿಕೆಯಲ್ಲಿ ಹೇಳಿ ಬರುವ ಕತ್ತಲೆ. ತಿಂಗಳಿಗೊಮ್ಮೆ ಉಪಕೇಂದ್ರದ ನಿರ್ವಹಣೆಗಾಗಿ ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಸರಬರಾಜಿನಲ್ಲಿ ವ್ಯತ್ಯಯ, ಗ್ರಾಹಕರು ಸಹಕರಿಸಬೇಕೆಂದು ಕೋರಿಕೆ. ಇದರಷ್ಟು ಸಭ್ಯವಾದ ಕತ್ತಲೆ ಇನ್ನೊಂದಿಲ್ಲ; ಹಿಂದಿನ ದಿನವೇ ಕಾರ್ಡು ಹಾಕಿ ಬರುವ ನೆಂಟನಂತೆ. ಎರಡು, ಪಂಪುಸೆಟ್ಟುಗಳ ಪಾಳಿ. ನೀರಾವರಿಗೆ ಮೂರು ಫೇಸಿನ ವಿದ್ಯುತ್ತು ದಿನಕ್ಕೆ ಇಷ್ಟು ಗಂಟೆ ಎಂದು ಗೊತ್ತುಮಾಡಿ, ಒಂದು ವಾರ ಹಗಲು, ಒಂದು ವಾರ ರಾತ್ರಿ ಕೊಡುವ ಕ್ರಮವಿದೆ. ಉಳಿದ ಹೊತ್ತು ಮನೆಗಳಿಗೆ ಸಿಂಗಲ್ ಫೇಸ್. ಹಳ್ಳಿಯ ಮನೆಗಳ ತಂತಿಯನ್ನು ಪಂಪುಗಳ ತಂತಿಯಿಂದ ಬೇರ್ಪಡಿಸಲು ‘ನಿರಂತರ ಜ್ಯೋತಿ’ ಎಂಬ ಯೋಜನೆ ಬಂದಿತು. ಆದರೆ ಮನೆಯೂ ತೋಟವೂ ಒಂದರೊಳಗೊಂದು ಹೆಣೆದುಕೊಂಡಿರುವ ಮಲೆನಾಡಿನಲ್ಲಿ ಈ ಬೇರ್ಪಡೆ ಬಯಲುಸೀಮೆಯಷ್ಟು ಸುಲಭವಲ್ಲ. ಸಿಂಗಲ್ ಫೇಸಿನ ಹೊತ್ತಿನಲ್ಲಿ ಯಾರಾದರೂ ಕಂಡೆನ್ಸರ್ ಹಾಕಿ ಪಂಪು ಓಡಿಸಿದರೋ, ಶಾಲೆಯ ದೀಪ ಕೆಂಪಗಾಗುತ್ತದೆ, ಫ್ಯಾನು ಹಾವಿನಂತೆ ಹೊರಳುತ್ತದೆ, ಯು.ಪಿ.ಎಸ್. ಕಿರುಗುಟ್ಟತೊಡಗುತ್ತದೆ. ಮೂರನೆಯದು ಮಳೆಯ ಕತ್ತಲೆ. ಇದಕ್ಕೆ ವೇಳೆಯೂ ಇಲ್ಲ, ಪಟ್ಟಿಯೂ ಇಲ್ಲ. ಆಷಾಢದ ಗಾಳಿಗೆ ಕಾಡಿನ ನಡುವೆ ಎಲ್ಲೋ ಒಂದು ಮರ ತಂತಿಯ ಮೇಲೆ ಒರಗಿದರೆ, ಅದು ಎಲ್ಲಿ ಎಂದು ಹುಡುಕಲು ಲೈನ್‌ಮನ್ ಕಂಬಳಿಕೊಪ್ಪೆ ಹೊದ್ದು ಮೈಲಿಗಟ್ಟಲೆ ನಡೆಯಬೇಕು.

ಇಲ್ಲೊಂದು ಸ್ವಾರಸ್ಯವುಂಟು. ಶಾಲೆಯ ಕಿಟಕಿಯಿಂದ ಹಿನ್ನೀರು ಕಾಣುತ್ತದೆ. ಜಲಾಶಯದ ಪೂರ್ಣ ಮಟ್ಟ 1819 ಅಡಿ. ನೀರು ತುಂಬಿ ದಡದ ಮರದ ಬೇರನ್ನು ಮುಟ್ಟಿದಾಗ ರಾಜ್ಯದಲ್ಲಿ ವಿದ್ಯುತ್ತಿಗೆ ಸುಭಿಕ್ಷ. ಆದರೆ ಊರಿನಲ್ಲಿ ಮಳೆಯ ಕತ್ತಲೆ. ನೀರು ಇಳಿದು ಕೆಂಪು ಮಣ್ಣಿನ ಅಂಚು ಅಗಲವಾಗುತ್ತ ಬಂದಾಗ ಗಾಳಿಮಳೆಯ ಕಾಟವಿಲ್ಲ; ಆದರೆ ರಾಜ್ಯಕ್ಕೇ ಬರ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದ ವರ್ಷ, ಅಕ್ಟೋಬರಿನಲ್ಲಿ ಪಂಪುಸೆಟ್ಟುಗಳ ಪಾಳಿ 7 ಗಂಟೆಯಿಂದ 5 ಗಂಟೆಗೆ ಇಳಿದು, ರೈತರ ಕೂಗಿನ ಮೇಲೆ ಮತ್ತೆ 7ಕ್ಕೆ ಏರಿತು. ಆ ದಿನಗಳಲ್ಲಿ ಹತ್ತನೆಯ ತರಗತಿಯ ಹುಡುಗರು ಕಿಟಕಿಯಿಂದ ನೀರಿನ ಅಂಚನ್ನು ನೋಡಿಯೇ ಮುಂದಿನ ವಾರದ ಕರೆಂಟಿನ ಭವಿಷ್ಯ ಹೇಳುತ್ತಿದ್ದರು. ಅದು ಪಂಚಾಂಗದ ಮಳೆಗಿಂತ ಹೆಚ್ಚು ಸರಿಹೋಗುತ್ತಿತ್ತಂತೆ.

ವಿಂಗಡಣೆ ಮುಗಿದ ಮೇಲೆ ಹಂಚಿಕೆ. ಪಂಪುಗಳ ಪಾಳಿ ಹಗಲಿಗಿದ್ದ ವಾರ ಕಂಪ್ಯೂಟರಿನ ತರಗತಿಗಳೆಲ್ಲ ಮೂರು ಫೇಸಿನ ಹೊತ್ತಿಗೆ ಸರಿಯುತ್ತವೆ; ಆ ಹೊತ್ತಿನ ಸಮಾಜಪಾಠವೋ ಹಿಂದಿಯೋ ಮಧ್ಯಾಹ್ನಕ್ಕೆ ಹೋಗುತ್ತದೆ. ಪಾಳಿ ರಾತ್ರಿಗೆ ತಿರುಗಿದ ವಾರ ಐದೇ ಯಂತ್ರಗಳು ಓಡುತ್ತವೆ, ಒಂದೊಂದಕ್ಕೆ ಇಬ್ಬರು ಮಕ್ಕಳು. ಒಬ್ಬರು ಕೀಲಿಮಣೆಯಲ್ಲಿ, ಇನ್ನೊಬ್ಬರು ಓದಿ ಹೇಳಲು. ಹತ್ತರ ಭಾರ ಐದಕ್ಕೆ ಇಳಿದರೆ ಇಪ್ಪತ್ತು ನಿಮಿಷದ ಬ್ಯಾಟರಿ ನಲವತ್ತಕ್ಕೆ ಬರುತ್ತದೆ. ಹೀಗೆ ಒಂದು ಪಿರಿಯಡ್ಡು ಹುಟ್ಟಿತು. ಸಂಜೆ ಆರರಿಂದ ಹತ್ತರವರೆಗೆ ಊರೆಲ್ಲ ದೀಪ ಹಚ್ಚುವ ಹೊತ್ತು, ವೋಲ್ಟೇಜು ಸೊರಗಿರುತ್ತದೆ. ಬ್ಯಾಟರಿ ಚೆನ್ನಾಗಿ ತುಂಬುವುದು ಹತ್ತರ ಮೇಲೆ. ಆದ್ದರಿಂದ ಯು.ಪಿ.ಎಸ್.ನ್ನು ರಾತ್ರಿಯೂ ಆರಿಸಬಾರದೆಂದು ಜವಾನನಿಗೆ ಕಟ್ಟಪ್ಪಣೆ. ತಿಂಗಳಿಗೊಮ್ಮೆ ಬ್ಯಾಟರಿಗೆ ಭಟ್ಟಿಯ ನೀರು ಹಾಕುವ ಸರದಿ ಮಕ್ಕಳದೇ. ಬಾವಿಯ ನೀರು ಹಾಕಿದವರಿಗೆ ದಂಡ.

ಇಷ್ಟೆಲ್ಲ ಯಾರಿಗಾಗಿ ಎಂದು ಕೇಳಬಹುದು. ಹತ್ತನೆಯ ತರಗತಿಯ ಪಬ್ಲಿಕ್ ಪರೀಕ್ಷೆಯ ಸಾಮಾನ್ಯ ಆರು ವಿಷಯಗಳಲ್ಲಿ ಕಂಪ್ಯೂಟರ್ ಇಲ್ಲ. ಪರೀಕ್ಷೆಯಲ್ಲಿ ಇಲ್ಲದ್ದನ್ನು ಬಿಡುವುದು ಸುಲಭ; ಅನೇಕ ಕಡೆ ಬಿಟ್ಟೂ ಇದ್ದಾರೆ. ಪೋಷಕರಲ್ಲೂ ಕೆಲವರು ಗೊಣಗಿದರು: ಹಿಂದಿಯ ಪಾಠವನ್ನು ಕರೆಂಟಿನ ಹಿಂದೆ ಓಡಿಸಬೇಕೆ? ಅದು ಅನ್ಯಾಯದ ಪ್ರಶ್ನೆಯೇನಲ್ಲ. ಮಧ್ಯಾಹ್ನದ ಊಟದ ಮೇಲೆ ಹಿಂದಿ ಕಲಿಸಬೇಕಾದ ಅಧ್ಯಾಪಕರ ಕಷ್ಟ ಅವರಿಗೇ ಗೊತ್ತು. ಆದರೆ ಅಧ್ಯಾಪಿಕೆ ಒಂದು ಮಾತನ್ನು ಮರೆಯಲಿಲ್ಲ. ಈ ಮಕ್ಕಳು ಮುಂದಿನ ಜೂನಿನಲ್ಲಿ ಸಾಗರಕ್ಕೋ ಶಿವಮೊಗ್ಗಕ್ಕೋ ಹೋಗಿ, ಮನೆಯಲ್ಲೇ ಯಂತ್ರವಿಟ್ಟುಕೊಂಡು ಬೆಳೆದ ಪೇಟೆಯ ಮಕ್ಕಳ ಪಕ್ಕದ ಬೆಂಚಿನಲ್ಲಿ ಕೂರಬೇಕು. ಅಲ್ಲಿ ‘ಮೌಸ್ ಹಿಡಿಯಲು ಬರುವುದಿಲ್ಲ’ ಎಂದು ಹೇಳಿಕೊಳ್ಳುವ ನಾಚಿಕೆಯೊಂದೇ ಸಾಕು, ಹಳ್ಳಿಯ ಹುಡುಗಿಯೊಬ್ಬಳು ಕೊನೆಯ ಬೆಂಚಿಗೆ ಸರಿದುಬಿಡಲು. ಗಣಿತದಲ್ಲಿ ನೂರಕ್ಕೆ ತೊಂಬತ್ತು ತೆಗೆದವಳೇ ಹಾಗೆ ಓದು ಬಿಟ್ಟು ಮನೆಗೆ ಮರಳಿದ್ದನ್ನು ಅವರು ಒಮ್ಮೆ ಕಂಡಿದ್ದರು.

ಮಳೆಗಾಲದ ಕತ್ತಲೆಗೆ ಮಾತ್ರ ಯಾವ ಹಂಚಿಕೆಯೂ ನಾಟಲಿಲ್ಲ. ಸೂರ್ಯಶಕ್ತಿಯ ಫಲಕ ಹಾಕಿಸಬಾರದೇಕೆ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಪಾವಗಡದಲ್ಲಿ ಅದು ಸರಿ; ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಸೂರ್ಯನ ಮುಖವನ್ನೇ ಸರಿಯಾಗಿ ಕಾಣದ ಕಣಿವೆಯಲ್ಲಿ, ವಿದ್ಯುತ್ತು ಹೆಚ್ಚು ಕೈಕೊಡುವ ತಿಂಗಳುಗಳೂ ಬಿಸಿಲು ಕೈಕೊಡುವ ತಿಂಗಳುಗಳೂ ಒಂದೇ. ಬೇಸಿಗೆಗೆ ಅದು ಆದೀತು. ಆಷಾಢಕ್ಕೆ ಬೇರೆ ಉಪಾಯ ಬೇಕು.

ಉಪಾಯ ದೊರೆತದ್ದು ಯಂತ್ರವಿಲ್ಲದೆ ಯಂತ್ರವನ್ನು ಕಲಿಸುವ ಒಂದು ಪದ್ಧತಿಯಲ್ಲಿ. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾನಿಲಯದ ಟಿಮ್ ಬೆಲ್ ಎಂಬ ಪ್ರಾಧ್ಯಾಪಕರು ತಮ್ಮ ಇಬ್ಬರು ಜೊತೆಗಾರರೊಡನೆ 1990ರ ದಶಕದಲ್ಲಿ ರೂಪಿಸಿದ ಪಾಠಗಳು ಅವು. ಅವುಗಳಿಗೆ ಬೇಕಾದ ಸಾಮಗ್ರಿ ರಟ್ಟು, ದಾರ, ಸೀಮೆಸುಣ್ಣ. ಸಾಲಾಗಿ ನಿಂತ ಮಕ್ಕಳನ್ನು ಎತ್ತರದ ಪ್ರಕಾರ ಅದಲು ಬದಲು ಮಾಡಿಸಿ ಯಂತ್ರ ಹೇಗೆ ಅಂಕಿಗಳನ್ನು ಜೋಡಿಸುತ್ತದೆಂದು ತೋರಿಸಬಹುದು. ಹಿನ್ನೀರಿನ ಶಾಲೆಯಲ್ಲಿ ರಟ್ಟಿನ ಚುಕ್ಕಿಗಳ ಬದಲಿಗೆ ಅಡಕೆ ಬಂದಿತು. ಐದು ಹಾಳೆಯ ತಟ್ಟೆಗಳಲ್ಲಿ ಒಂದು, ಎರಡು, ನಾಲ್ಕು, ಎಂಟು, ಹದಿನಾರು ಅಡಕೆಗಳು. ತಟ್ಟೆ ತೆರೆದಿದ್ದರೆ ಒಂದು, ಮುಚ್ಚಿದ್ದರೆ ಸೊನ್ನೆ. ಈ ಐದು ತಟ್ಟೆಗಳಿಂದ ಸೊನ್ನೆಯಿಂದ ಮೂವತ್ತೊಂದರವರೆಗೆ ಯಾವ ಸಂಖ್ಯೆಯನ್ನಾದರೂ ಹೇಳಬಹುದು. ಯಂತ್ರದ ಒಳಗೂ ನಡೆಯುವುದು ಇದೇ. ಮೂವತ್ತೊಂದೆಂದರೆ ತಿಂಗಳ ಕೊನೆಯ ತಾರೀಖು ತಾನೆ? ಮಕ್ಕಳು ಪತ್ರಿಕೆ ನೋಡಿ, ನಿರ್ವಹಣೆಯ ಕತ್ತಲೆ ಯಾವ ತಾರೀಖಿಗೆ ಎಂಬುದನ್ನು ತಟ್ಟೆಗಳಲ್ಲಿ ಬರೆದಿಡತೊಡಗಿದರು. ಹದಿನಾರರ ತಟ್ಟೆ ತೆರೆದು, ಎರಡರದು ತೆರೆದು, ಒಂದರದು ತೆರೆದಿದ್ದರೆ ಹತ್ತೊಂಬತ್ತನೆಯ ತಾರೀಖು. ಜವಾನನಿಗೂ ಅದು ಓದಲು ಬರುತ್ತದೆ. ನಡುನಡುವೆ ಎಂಟರ ತಟ್ಟೆಯಲ್ಲಿ ಏಳೇ ಅಡಕೆಗಳಿರುವುದುಂಟು; ಅದಕ್ಕೂ ಅವನಿಗೂ ಸಂಬಂಧವಿದೆಯೆಂದು ಮಕ್ಕಳ ಗುಮಾನಿ.

ಕನ್ನಡದ ಕೀಲಿಮಣೆಯನ್ನೂ ರಟ್ಟಿನ ಮೇಲೆ ಬರೆದು ಹಂಚಿದ್ದಾರೆ. ಕೆ. ಪಿ. ರಾವ್ ಅವರು ರೂಪಿಸಿದ ಅಕ್ಷರ ವಿನ್ಯಾಸವನ್ನೇ ‘ನುಡಿ’ ತಂತ್ರಾಂಶವೂ ಅನುಸರಿಸುತ್ತದೆ. ಕತ್ತಲೆಯ ದಿನ ಬೆರಳುಗಳಿಗೆ ರಟ್ಟಿನ ಮೇಲೆ ಅಭ್ಯಾಸ. ಬೆಳಕಿನ ದಿನ ಒಂದು ಕ್ಷಣವೂ ಅಕ್ಷರ ಹುಡುಕುವುದರಲ್ಲಿ ವ್ಯರ್ಥವಾಗಬಾರದು.

ಆ ಬೆಳಕಿನ ಕ್ಷಣಗಳಲ್ಲಿ ಮಕ್ಕಳು ಬರೆಯುತ್ತಿರುವುದು ಒಂದು ಪಟ್ಟಿಯನ್ನು. ನೀರಿನಡಿಗೆ ಹೋದ ಕೇರಿಗಳ, ಗದ್ದೆಗಳ, ಕೆರೆಗಳ ಹೆಸರುಗಳು. ಅಣೆಕಟ್ಟಿನ ಕಾಲವನ್ನು ಕಂಡ ಹಿರಿಯರು ಈಗ ಕೆಲವರೇ ಉಳಿದಿದ್ದಾರೆ. ಅವರನ್ನು ಕೇಳಿ, ಪುಸ್ತಕದಲ್ಲಿ ಗುರುತು ಹಾಕಿಕೊಂಡು ಬಂದು, ಯಂತ್ರದಲ್ಲಿ ಕೂಡಿಸುವುದು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅಜ್ಜನಿಂದ ಕೇಳಿ ತಂದ ಒಂದೂವರೆ ಪುಟವನ್ನು ಒಂದೇ ಉಸಿರಿಗೆ ಬರೆದು ಮುಗಿಸುತ್ತಿದ್ದ ದಿನ, ಪಟ್ಟಿಯಲ್ಲಿಲ್ಲದ ಹೊತ್ತಿನಲ್ಲಿ ಕರೆಂಟು ಹೋಯಿತು, ಬ್ಯಾಟರಿಯೂ ತಡೆಯಲಿಲ್ಲ. ಬರೆದದ್ದನ್ನು ಅವಳು ಒಮ್ಮೆಯೂ ಉಳಿಸಿರಲಿಲ್ಲ. ಸಂಜೆ ಅಳುಮುಖದಿಂದ ಮನೆಗೆ ಬಂದ ಮೊಮ್ಮಗಳು “ಎಲ್ಲ ಹೋಯ್ತು ಅಜ್ಜ” ಎಂದಾಗ, ಜಗಲಿಯ ಮೇಲೆ ಅಡಕೆ ಸುಲಿಯುತ್ತಿದ್ದ ಮುದುಕ ಕತ್ತಿಯಿಂದ ಕಣ್ಣೆತ್ತದೆಯೇ ಹೇಳಿದನಂತೆ:

“ಹೋದ್ರೆ ಹೋಗ್ಲಿ ಬಿಡು ಮಗಾ. ನಮ್ಮೂರಿಗೆ ಮುಳುಗೋದು ಹೊಸದಲ್ಲ. ಕೂತ್ಕೊ, ಇನ್ನೊಂದ್ಸಲ ಹೇಳ್ತೀನಿ.”

ಮಾರನೆಯ ವಾರ ಪಾಳಿ ಹಗಲಿಗೆ ಬಂದಿತ್ತು. ಬೆಳಿಗ್ಗೆಯೇ ಲೈನ್‌ಮನ್ ಫೋನು ಮಾಡಿದ್ದ. “ಟೀಚರ್, ಮೂರು ಗಂಟೆಗೆ ಲೈನ್ ತೆಗಿತೀವಿ, ಜಂಪರ್ ಹಾಕೋದಿದೆ. ಅಷ್ಟರೊಳಗೆ ಮಕ್ಕಳದ್ದು ಮುಗಿಸ್ಕೊಂಬಿಡಿ.” ಎರಡೂ ಇಪ್ಪತ್ತಕ್ಕೆ ಒಂಬತ್ತನೆಯ ತರಗತಿ ಒಳಗೆ ಬಂದು ಕುಳಿತಿತು. ಹುಡುಗಿ ಒಂದು ಹೆಸರು ಬರೆದಳು, ಉಳಿಸುವ ಗುಂಡಿ ಒತ್ತಿದಳು. ಇನ್ನೊಂದು ಬರೆದಳು, ಮತ್ತೆ ಒತ್ತಿದಳು. ಪಕ್ಕದಲ್ಲಿ ಕುಳಿತವಳು ಪುಸ್ತಕ ನೋಡಿ ಓದಿ ಹೇಳುತ್ತಿದ್ದಳು: ಕೆಳಗಿನ ಕೇರಿ, ಮಾವಿನಮರದ ಗದ್ದೆ, ಹೊಳೆಯಂಚಿನ ಕಣ. ಮೂರು ಹೊಡೆಯಲು ಎರಡು ನಿಮಿಷವಿರುವಾಗಲೇ ದೀಪ ಹೋಯಿತು. ಫ್ಯಾನು ನಿಲ್ಲುವವರೆಗೆ ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ.

“ಎಷ್ಟಾಯಿತು?” ಎಂದು ಅಧ್ಯಾಪಿಕೆ ಕೇಳಿದರು.

“ಇಪ್ಪತ್ತಮೂರು, ಟೀಚರ್” ಎಂದಳು ಹುಡುಗಿ. ಹಿಂದಿನ ಬೆಂಚಿನಿಂದ ಯಾರೋ ಎದ್ದು ಹೋಗಿ ಹದಿನಾರರ, ನಾಲ್ಕರ, ಎರಡರ, ಒಂದರ ತಟ್ಟೆಗಳನ್ನು ತೆರೆದಿಟ್ಟರು.